ಕೈಗೆ ತಿಳಿಯುವ ಬೆಳೆ

ಮುದಗಲ್ಲಿನ ಶಾಲೆಗೆ ನನಗೆ ವರ್ಗವಾದದ್ದು ಎಂಬತ್ತೇಳರ ಬೇಸಿಗೆಯಲ್ಲಿ. ಕೋಟೆಯ ಹೊರಗೆ, ಲಿಂಗಸುಗೂರಿನ ರಸ್ತೆಯಿಂದ ಸ್ವಲ್ಪ ಒಳಕ್ಕೆ, ಎರಡು ಖೋಲಿಯ ಬಾಡಿಗೆ ಮನೆ ಸಿಕ್ಕಿತು. ಅಡುಗೆಮನೆಯ ಕಿಟಕಿ ತೆರೆದರೆ ಹಿಂದಿನ ಮನೆಯ ಹಿತ್ತಲು ಕಾಣುತ್ತಿತ್ತು. ನಾನು ಸಾಮಾನು ಇಳಿಸಿದ ವಾರದಲ್ಲೇ ಒಂದು ಮುಂಜಾನೆ ಆ ಹಿತ್ತಲಿನಿಂದ ಗಂಡ ಹೆಂಡತಿಯ ವಾದ ಕೇಳಿಸಿತು.

"ಈ ಸಲ ಮೆಣಸಿನಕಾಯಿ ಬ್ಯಾಡ," ಎಂದಿತು ಗಂಡಸಿನ ದನಿ.

"ಯಾಕ ಬ್ಯಾಡ? ಖಾರ ಇಲ್ಲದ ನೀ ಒಂದು ತುತ್ತರ ತಿಂತೀ ಏನು ಮಾವ?"

"ಹಣ್ಣಾದದ್ದೂ ಹಸೀದೂ ಎರಡೂ ಕೈಗೆ ಒಂದ ಥರಾ ಹತ್ತತಾವ. ಯಾವುದು ಹರೀಬೇಕು, ಯಾವುದು ಬಿಡಬೇಕು, ಹೆಂಗ ತಿಳೀಬೇಕು ನನಗ?"

"ನನ್ನ ಕಣ್ಣು ಅದಾವಲ್ಲ."

"ನಿನ್ನ ಕಣ್ಣು ಹೊತ್ತು ಹುಟ್ಟೂದರಾಗ ಯಾರದರ ಹೊಲದಾಗ ಇರತಾವ. ಹಿತ್ತಲದಾಗ ಇರಾಂವ ನಾನು."

ನಾನು ಕಿಟಕಿಯಿಂದ ನೋಡಿದೆ. ನಲವತ್ತರ ಆಸುಪಾಸಿನ ಗಂಡಸು ಕಲ್ಲಿನ ಮೇಲೆ ಕುಳಿತಿದ್ದ. ಮುಖದ ತುಂಬ ಹಚ್ಚೆ ಹಾಕಿದಂತೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಎರಡೂ ರೆಪ್ಪೆ ಮುಚ್ಚಿದ್ದವು. ಮುಂದೆ ಬಟ್ಟೆಯ ತುಂಡುಗಳಲ್ಲಿ ಕಟ್ಟಿದ ಬೀಜದ ಗಂಟುಗಳಿದ್ದವು. ಒಂದೊಂದನ್ನೇ ಬಿಚ್ಚಿ, ಬೆರಳ ನಡುವೆ ಉರುಳಿಸಿ, ಮೂಗಿಗೆ ಹಿಡಿದು, ಎಡಕ್ಕೋ ಬಲಕ್ಕೋ ಇಡುತ್ತಿದ್ದ. ಎದುರಿಗೆ ಕುಕ್ಕರಗಾಲಲ್ಲಿ ಕುಳಿತ ಹೆಂಡತಿ ಎಡಕ್ಕಿಟ್ಟದ್ದನ್ನು ಎತ್ತಿ ಮತ್ತೆ ಬಲಕ್ಕಿಡುತ್ತಿದ್ದಳು. ಮುಂಗಾರಿನ ಮೊದಲ ಮಿರಗ ಮಳೆ ಇನ್ನೂ ಬಿದ್ದಿರಲಿಲ್ಲ. ಮಳೆಗೆ ಮುಂಚೆ ಯಾವ ಮಡಿಗೆ ಏನು ಎಂಬುದು ಅವರಲ್ಲಿ ತೀರ್ಮಾನವಾಗಬೇಕಿತ್ತು.

ಅವನ ಹೆಸರು ಗ್ಯಾನಪ್ಪ. ಅವಳು ಯಮನೂರಮ್ಮ. ಸ್ವಂತ ಅಕ್ಕನ ಮಗಳನ್ನೇ ಅವನಿಗೆ ಮಾಡಿಕೊಂಡಿದ್ದರಿಂದ ಮದುವೆಗೆ ಮುಂಚೆ ಹೇಗೋ ಆಮೇಲೂ ಹಾಗೆಯೇ ಅವಳು ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಮಕ್ಕಳಿರಲಿಲ್ಲ. ಹೊಲವೂ ಇರಲಿಲ್ಲ. ಅವಳು ಕಳೆ ತೆಗೆಯಲು, ಶೇಂಗಾ ಕೀಳಲು, ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಅವನು ಮೊದಲು ಊರ ಹೊರಗಿನ ಒಂದು ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ. ಬಂಡೆಗೆ ತೂತು ಹೊಡೆದು ಮದ್ದು ತುಂಬುವುದು ಅವನ ಕೆಲಸ. ಎಂಬತ್ತನಾಲ್ಕರಲ್ಲಿ ಒಂದು ದಿನ ತುಂಬಿದ ಮದ್ದು ಹಾರಲಿಲ್ಲ. ಬತ್ತಿ ಆರಿತೆಂದು ತಿಳಿದು ಬಗ್ಗಿ ನೋಡಿದ. ಆಗ ಹಾರಿತು. ಜೊತೆಗಾರ ದಾವಲ್‌ಸಾಬ್ ಅವನನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದು, ಲಾರಿ ನಿಲ್ಲಿಸಿ, ಲಿಂಗಸುಗೂರಿಗೆ, ಅಲ್ಲಿಂದ ರಾಯಚೂರಿಗೆ ಒಯ್ದ. ಜೀವ ಉಳಿಯಿತು. ಕಣ್ಣು ಉಳಿಯಲಿಲ್ಲ.

ಇದನ್ನೆಲ್ಲ ನನಗೆ ಹೇಳಿದವಳು ಯಮನೂರಮ್ಮ. ಗ್ಯಾನಪ್ಪ ಗಣಿಯ ಮಾತು ಎತ್ತುತ್ತಿರಲಿಲ್ಲ. ದವಾಖಾನೆಯಿಂದ ಬಂದ ಮೇಲೆ ಅವನು ಒಂದು ವರ್ಷ ಗೋಡೆಗೆ ಮುಖ ಮಾಡಿ ಮಲಗಿದನಂತೆ. ಹೆಂಡತಿ ಕೂಲಿಗೆ ಹೋಗುವ ಮುಂಚೆ ತಲೆದಿಂಬಿನ ಹತ್ತಿರ ರೊಟ್ಟಿ, ನೀರು ಇಟ್ಟು ಹೋಗುತ್ತಿದ್ದಳು. ಬಂದು ನೋಡಿದರೆ ರೊಟ್ಟಿ ಹಾಗೇ ಇರುತ್ತಿತ್ತು. ದಾವಲ್‌ಸಾಬ್ ಬಂದು ಪಕ್ಕದಲ್ಲಿ ಕುಳಿತರೂ ಮಾತಿಲ್ಲ.

ಹಿತ್ತಲೆಂದರೆ ಆಗ ಬರೀ ಕಲ್ಲು, ಜಾಲಿಮುಳ್ಳು, ಒಂದು ಮೂಲೆಯಲ್ಲಿ ತಿಪ್ಪೆ. ಒಂದು ಸಂಜೆ ಅವನು ಗೋಡೆ ಹಿಡಿದುಕೊಂಡು ಬಚ್ಚಲ ಕಡೆಗೆ ಹೋಗುವಾಗ ಎಡವಿ ತಿಪ್ಪೆಯ ಬದಿಗೆ ಕುಸಿದ. ಊರಿದ ಕೈಗೆ ತರಿತರಿಯಾದ ದಪ್ಪ ಎಲೆ ಸಿಕ್ಕಿತು. ಎಲೆಯ ಬೆನ್ನು ಹಿಡಿದು ಬಳ್ಳಿ ಸಿಕ್ಕಿತು. ಬಳ್ಳಿಯ ಹಿಂದೆ ಹೋದ ಕೈಗೆ ಮುಳ್ಳಕಂಟಿಯ ಅಡಿಯಲ್ಲಿ ತಂಪಾದ, ಗುಂಡಗಿನ ಒಂದು ಕುಂಬಳಕಾಯಿ. ಯಾರೂ ಹಾಕಿದ ಬೀಜವಲ್ಲ. ಹೆಂಡತಿ ಕೆಲಸದಿಂದ ಬರುವ ಹೊತ್ತಿಗೆ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ನೆಲದಲ್ಲೇ ಕುಳಿತಿದ್ದ.

"ದಿನಾ ಇಲ್ಲೇ ಕಸ ಚೆಲ್ಲತೀನಿ ಮಾವ, ನನ್ನ ಕಣ್ಣಿಗೆ ಬಿದ್ದಿಲ್ಲ ನೋಡು ಇದು," ಎಂದಳು ಅವಳು.

"ಒಳಗ ಐತಿ ಅದು. ಕೈ ಹಾಕಿದರ ಸಿಗತೈತಿ," ಎಂದನಂತೆ ಅವನು. ವರ್ಷದಲ್ಲಿ ಅವನಾಡಿದ ಅಷ್ಟುದ್ದದ ಮಾತು ಅದೊಂದೇ.

ಮರುದಿನ ದಾವಲ್‌ಸಾಬನನ್ನು ಕರೆಸಿ ಹಾರೆ, ಸುತ್ತಿಗೆ, ತನ್ನ ಹಳೆಯ ಉಳಿ ತರಿಸಿದ. ಕಣ್ಣಿಲ್ಲದವನು ಹಾರೆ ಹಿಡಿದರೆ ಕಾಲು ಹೋದೀತು ಎಂದು ದಾವಲ್‌ಸಾಬ್ ಹೆದರಿದ. ಗ್ಯಾನಪ್ಪ ನೆಲದ ಮೇಲೆ ಅಂಗೈ ಆಡಿಸಿ ಕಲ್ಲಿನ ಅಂಚು ಹುಡುಕಿ, ಅದು ಎತ್ತ ಮಲಗಿದೆ ಎಂದು ತಡವಿ ತಿಳಿದು ಹಾರೆ ಮೀಟುತ್ತಿದ್ದ. ಕಲ್ಲಿನ ಜೊತೆ ಬದುಕಿದ ಕೈ ಅದು. ದೀಪಾವಳಿಯಿಂದ ಬೇಸಿಗೆಯವರೆಗೆ ಇಡೀ ಹಿತ್ತಲಿನ ಕಲ್ಲು ಎಬ್ಬಿಸಿದ. ಎಬ್ಬಿಸಿದ ಕಲ್ಲಿನಿಂದಲೇ ಮೊಣಕಾಲೆತ್ತರದ ಒಡ್ಡು ಕಟ್ಟಿ ಮಡಿ ಮಾಡಿದ. ಕೈಯಿಂದ ಒಡ್ಡು ಹಿಡಿದು ನಡೆದರೆ ದಾರಿ ತಪ್ಪುವಂತಿರಲಿಲ್ಲ. ಪ್ರತಿ ಮಡಿಯ ತಲೆಗಲ್ಲಿಗೆ ಉಳಿಯಿಂದ ಒಂದೊಂದು ಗುರುತು ಕೆತ್ತಿದ. ಒಂದಕ್ಕೆ ಅಡ್ಡಗೆರೆ, ಇನ್ನೊಂದಕ್ಕೆ ಕತ್ತರಿ, ಮತ್ತೊಂದಕ್ಕೆ ಬೆರಳು ಇಳಿಯುವಷ್ಟು ಕುಳಿ. ಕೆತ್ತುವಾಗ ಎಡಗೈ ಹೆಬ್ಬೆರಳು ಜಜ್ಜಿಕೊಂಡದ್ದಕ್ಕೆ ಲೆಕ್ಕವಿಲ್ಲ ಎಂದು ಯಮನೂರಮ್ಮ ನಗುತ್ತಾ ಹೇಳುತ್ತಿದ್ದಳು. ಆಗ ನಕ್ಕಿರಲಿಕ್ಕಿಲ್ಲ. ಬಚ್ಚಲ ನೀರು ಮಡಿಗೆ ಹರಿಯುವಂತೆ ಕಾಲುವೆಯನ್ನೂ ತೋಡಿದ. ಉಳಿದ ನೀರು ಪಕ್ಕದಲ್ಲೇ ಇದ್ದ ದಾವಲ್‌ಸಾಬನ ಮನೆಯ ಸೇದುವ ಬಾವಿಯದು. ಎರಡು ಮನೆಯ ನಡುವೆ ಹಗ್ಗ ಕಟ್ಟಿಕೊಂಡು, ಅದನ್ನು ಹಿಡಿದು ಕೊಡ ಹೊತ್ತು ಬರುತ್ತಿದ್ದ.

ಮೊದಲ ಬೆಳೆ ಮಾತ್ರ ಕೈಕೊಟ್ಟಿತು. ಚವಳಿಕಾಯಿ, ಬೆಂಡಿ, ಪುಂಡಿಪಲ್ಲೆ ಬಿತ್ತಿದರು. ಮೊಳಕೆ ಬಂದವು. ಅಷ್ಟರಲ್ಲಿ ಅಣೆಕಟ್ಟಿನ ದೊಡ್ಡ ಕಾಲುವೆಗೆ ನೀರು ಬಿಟ್ಟರು ಎಂದು ಸುದ್ದಿ ಬಂತು. ಸಿಂಧನೂರಿನ ಕಡೆ ಭತ್ತದ ನಾಟಿ ಶುರುವಾಯಿತೆಂದರೆ ಈ ಕಡೆಯ ಹೆಂಗಸರೆಲ್ಲ ಗುಂಪು ಕಟ್ಟಿಕೊಂಡು ಹೋಗುವುದು ರೂಢಿ. ಯಮನೂರಮ್ಮನೂ ಹೋದಳು. ದಾವಲ್‌ಸಾಬನ ಹೆಂಡತಿ ಚಾಂದ್‌ಬೀ ಎರಡು ಹೊತ್ತು ರೊಟ್ಟಿ ಕಳಿಸುತ್ತಿದ್ದಳು. ಗ್ಯಾನಪ್ಪ ಮುಂಜಾನೆ ಎದ್ದರೆ ಕುರುಪಿ ಹಿಡಿದು ಕಳೆ ತೆಗೆಯಲು ಕೂರುತ್ತಿದ್ದ. ಹೆಂಡತಿ ಬರುವ ಹೊತ್ತಿಗೆ ಮಡಿಗಳು ಹಸನಾಗಿರಬೇಕು ಎಂಬ ಹಟ.

ಅವಳು ನಾಟಿ ಮುಗಿಸಿ ಬಂದಾಗ ಅವನು ಬಾಗಿಲಲ್ಲೇ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದ.

"ಹೆಂಗ ಬಂದೈತಿ ನೋಡು."

ಅವಳು ನೋಡಿದಳು. ಮಡಿಯ ತುಂಬ ಹುಲುಸಾದ ಹುಲ್ಲು. ಚವಳಿ, ಬೆಂಡಿ ಒಂದೂ ಇಲ್ಲ. ಮೊಳಕೆಯಲ್ಲಿ ಯಾವುದು ಬೆಳೆ, ಯಾವುದು ಕಳೆ ಎಂದು ಬೆರಳಿಗೆ ತಿಳಿದಿರಲಿಲ್ಲ. ಬೆಳೆ ಕಿತ್ತು ಕಳೆಗೆ ನೀರು ಹಾಕಿದ್ದ.

ಸುಳ್ಳು ಹೇಳಬಹುದಿತ್ತು. ಬಹಳ ಜನ ಹೇಳುತ್ತಿದ್ದರು. ಅವಳು ಹೇಳಲಿಲ್ಲ.

"ಮಾವ, ನೀ ಚವಳಿ ಎಲ್ಲಾ ಕಿತ್ತೀದಿ. ಹುಲ್ಲು ಬೆಳಸೀದಿ."

ಅವನು ಒಡ್ಡಿನ ಮೇಲೆ ಕುಳಿತುಬಿಟ್ಟ. ಹುಲ್ಲಿನ ಮೇಲೆ ಕೈಯಾಡಿಸಿ, "ಛಲೋ ಬಂದೈತೇನು ಹುಲ್ಲು?" ಎಂದು ಕೇಳಿದ.

"ಎಮ್ಮಿ ಇದ್ದಿದ್ದರ ಹಬ್ಬ ಮಾಡತಿತ್ತು."

ಇಬ್ಬರೂ ನಕ್ಕರು. ನಗುನಗುತ್ತಲೇ ಅವನು ಮುಖ ಆ ಕಡೆ ತಿರುಗಿಸಿದ. ಅವಳು ಪಕ್ಕದಲ್ಲಿ ಕುಳಿತು, ಹಾದಿಯ ಧೂಳು ಮೆತ್ತಿದ ಕಾಲನ್ನೂ ತೊಳೆಯದೆ, ಒಂದು ಮಾತು ಹೇಳಿದಳು. ಅಲ್ಲಿ ತೆಲುಗು ವಲಸಿಗರು ನೆಲೆಸಿದ ಕ್ಯಾಂಪಿನ ಗದ್ದೆಯಲ್ಲಿ ಹಗ್ಗ ಎಳೆದು, ಹಗ್ಗಕ್ಕೆ ಗುರುತು ಕಟ್ಟಿ, ಗುರುತಿನ ಬುಡದಲ್ಲೇ ಸಸಿ ಊರಿಸಿದರಂತೆ. ಸಾಲು ತಪ್ಪದಂತೆ.

"ನಾವೂ ಹಗ್ಗಕ್ಕ ಗಂಟು ಹಾಕೋಣ. ಗಂಟಿನ ಬುಡಕ್ಕ ಬೀಜ. ಗಂಟಿನ ಕೆಳಗ ಬಂದದ್ದು ಬೆಳಿ, ಗಂಟು ಬಿಟ್ಟು ಬಂದದ್ದು ಕಳಿ. ಕಿತ್ತು ಒಗದುಬಿಡು."

ಗ್ಯಾನಪ್ಪ ಎದ್ದು ಒಳಗೆ ಹೋಗಿ ಹಗ್ಗ ತಂದ.

ಅಲ್ಲಿಂದ ಮುಂದೆ ಅವನ ಹಿತ್ತಲು ಹಿಂತಿರುಗಿ ನೋಡಲಿಲ್ಲ. ನಾನು ಬಂದು ನೋಡುವ ಹೊತ್ತಿಗೆ ಮಡಿಯುದ್ದಕ್ಕೂ ಗೂಟದಿಂದ ಗೂಟಕ್ಕೆ ಗಂಟಿನ ಹಗ್ಗಗಳು. ಅವನು ಸಾಲಿನಲ್ಲಿ ಕುಳಿತು ಗಂಟಿನಿಂದ ಗಂಟಿಗೆ ಕೈ ಸರಿಸುತ್ತಾ ಹೋದರೆ ಹಿಂದೆ ಒಂದು ಎಳೆ ಹುಲ್ಲೂ ಉಳಿಯುತ್ತಿರಲಿಲ್ಲ. ಮೆಂತೆ, ರಾಜಗಿರಿಯಂಥ ಸಣ್ಣ ಬೀಜದ ಸೊಪ್ಪಿಗೆ ಗಂಟಿನ ಲೆಕ್ಕ ನಡೆಯುವುದಿಲ್ಲ. ಅವಕ್ಕೆ ಬೇರೆ ಮಡಿ. ಮಡಿಗಳ ಅಂಚಿಗೆ ವಾಸನೆಯ ಗಿಡ. ಈ ತುದಿಗೆ ಸಬ್ಬಸಗಿ, ಆ ತುದಿಗೆ ಕೊತ್ತಂಬರಿ, ನೀರಿನ ಕಾಲುವೆಯ ಬದಿಗೆ ಪುದೀನ. ಲುಂಗಿಯ ಅಂಚು ತಾಗಿ ಘಮ ಎದ್ದರೆ ತಾನೆಲ್ಲಿದ್ದೇನೆ ಎಂದು ಅವನಿಗೆ ತಿಳಿಯುತ್ತಿತ್ತು. ಬಾವಿಯ ದಾರಿಯ ಹಗ್ಗದ ಮೇಲೆ ತಲೆಯೆತ್ತರಕ್ಕೆ ಇನ್ನೊಂದು ಹಗ್ಗ ಎಳೆದು ಹೀರೆಬಳ್ಳಿ ಹಬ್ಬಿಸಿದ್ದ. ನೀರಿಗೆ ಹೋಗುವಾಗಲೇ ತಲೆಯ ಮೇಲೆ ಕೈಯಾಡಿಸಿ ಬಲಿತ ಕಾಯಿ ಮುರಿದುಕೊಂಡು ಬರುತ್ತಿದ್ದ.

ಪ್ರತಿ ವರ್ಷ ಮಳೆಗೆ ಮುಂಚಿನ ಆ ಬೈಠಕ್ಕನ್ನು ಮಾತ್ರ ನಾನು ತಪ್ಪಿಸಿಕೊಳ್ಳುತ್ತಿರಲಿಲ್ಲ. ಶಾಲೆಗೆ ರಜೆ. ಚಹಾದ ಲೋಟ ಹಿಡಿದು ಅವರ ಹಿತ್ತಲಿಗೇ ಹೋಗಿ ಕೂರುತ್ತಿದ್ದೆ. ಹೋದ ವರ್ಷ ಬೆಂಡಿ ಬಂದ ಮಡಿಗೆ ಈ ವರ್ಷ ಬೆಂಡಿ ಬೇಡ, ಕಾಳಿನ ಬೆಳೆ ಇರಲಿ ಎಂದು ಅವನು. ಬದನೆ ಹಾಕೋಣ, ಚಾಂದ್‌ಬೀ ಕೇಳಿದ್ದಾಳೆ ಎಂದು ಅವಳು. ಬದನೆಗೆ ಮುಳ್ಳು, ಹರಿಯುವಾಗ ಕೈಗೆ ಚುಚ್ಚುತ್ತದೆ ಎಂದು ನಾನು ನಡುವೆ ಬಾಯಿ ಹಾಕಿದರೆ ಗ್ಯಾನಪ್ಪ ನಗುತ್ತಿದ್ದ: "ಚುಚ್ಚಿದರ ಛಲೋ ಅಲ್ಲೇನ್ರಿ ಅಕ್ಕೋರೆ? ನಾ ಬದನಿ ಐದೀನಿ ಅಂತ ಹೇಳತೈತಿ." ಮೆಣಸಿನಕಾಯಿಯ ಜಗಳವೂ ಇತ್ಯರ್ಥವಾಗಿತ್ತು. ಅದಕ್ಕೆ ಬಾಗಿಲ ಬಳಿ ಜಾಗ. ಅದರ ಯಜಮಾನಿಕೆ ಯಮನೂರಮ್ಮನದು. ಅಮಾವಾಸ್ಯೆಗೆ ಕೂಲಿಗೆ ರಜೆ, ಆ ದಿನ ಅವಳೇ ಹರಿಯುತ್ತಿದ್ದಳು.

ತೊಂಬತ್ತರ ಬೈಠಕ್ಕಿನಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಅವನು ಬೀಜದ ಗಂಟು ಬಿಚ್ಚುತ್ತಿದ್ದಾಗ ಅವಳು ಸೆರಗಿನ ಅಡಿಯಿಂದ ಹಸಿ ಅರಿವೆಯಲ್ಲಿ ಸುತ್ತಿದ ನಾಲ್ಕಾರು ಸಸಿ ತೆಗೆದಳು. ಬೇಸಿಗೆ ಭತ್ತದ ಕೊಯ್ಲಿಗೆ ಹೋದಾಗ ಕ್ಯಾಂಪಿನಿಂದ ತಂದವು. ಗೋಡೆಯ ನೆರಳಲ್ಲಿ ಇಟ್ಟು ಜೀವ ಹಿಡಿಸಿದ್ದಳು.

ಅವನು ಎಲೆ ಮುಟ್ಟಿ ನೋಡಿದ. ಉಜ್ಜಿ ಮೂಗಿಗೆ ಹಿಡಿದ. "ಏನಿದು?"

"ಕನಕಾಂಬ್ರ. ಆ ಕಡೀ ತೆಲುಗು ಹೆಣಮಕ್ಕಳು ದಿನಾ ಮುಡೀತಾರ."

"ಇದಕ್ಕ ವಾಸನಿ ಇರೂದಿಲ್ಲ."

"ಇಲ್ಲ."

"ತಿನ್ನಾಕ ಬರೂದಿಲ್ಲ, ಮೂಸಾಕ ಬರೂದಿಲ್ಲ. ಹೂವ ಬೇಕಾದರ ಮಲ್ಲಿಗಿ ಹಚ್ಚೋಣ. ನೀ ಎಲ್ಲಿದ್ದೀ ಅಂತ ನನಗೂ ಗೊತ್ತಾಗತೈತಿ."

ಯಮನೂರಮ್ಮ ಸಸಿಗಳನ್ನು ಮತ್ತೆ ಅರಿವೆಯಲ್ಲಿ ಸುತ್ತಿದಳು. ಕೋಪದ ಹೆಂಗಸಲ್ಲ ಅವಳು. ಆದರೆ ಅಂದು ದನಿ ಸ್ವಲ್ಪ ಬಿಗಿಯಾಗಿತ್ತು.

"ಇಷ್ಟು ವರ್ಷ ನಿನ್ನ ಕೈಗೆ, ನಿನ್ನ ಮೂಗಿಗೆ ಏನು ತಿಳೀತೈತೋ ಅದನ್ನ ಹಾಕೇವಿ ಮಾವ. ನಾ ಏನೂ ಅಂದಿಲ್ಲ. ನನ್ನ ಕಣ್ಣಿಗೂ ಒಂದು ಮಡಿ ಇರಲಿ."

ಗ್ಯಾನಪ್ಪ ಬಿಚ್ಚಿದ ಬೀಜದ ಗಂಟನ್ನು ಮತ್ತೆ ಕಟ್ಟಿದ. ನಾನು ಲೋಟ ಎತ್ತಿಕೊಂಡು ಮನೆಗೆ ಬಂದೆ. ಮಧ್ಯಾಹ್ನ ಹಿತ್ತಲಿನಿಂದ ಹಾರೆಯ ಸದ್ದು ಕೇಳಿಸಿತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಬಿಸಿಲೂ ನೀರೂ ಎರಡೂ ಸಿಗುವ ಜಾಗದಲ್ಲಿ, ಅವನು ಹೊಸ ಮಡಿ ಕಟ್ಟುತ್ತಿದ್ದ. ಇಡೀ ಹಿತ್ತಲಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಅಲ್ಲಿ ಟಮಾಟಿ ಹಾಕಬೇಕೆಂದು ಎರಡು ವರ್ಷದಿಂದ ಅವನೇ ಕಾಯ್ದಿಟ್ಟಿದ್ದ. ತಲೆಗಲ್ಲು ಇಟ್ಟು ಉಳಿ ಹಿಡಿದು, "ಇದಕ್ಕ ಏನು ಗುರುತು ಹಾಕಲಿ?" ಎಂದು ಕೂಗಿ ಕೇಳಿದ.

ಅವಳು ಒಳಗಿನಿಂದಲೇ ಹೇಳಿದಳು: "ಏನೂ ಹಾಕಬ್ಯಾಡ. ಗುರುತಿಲ್ಲದ್ದು ನಂದು ಅಂತ ತಿಳಕೋ."

ದಸರೆಯ ಹೊತ್ತಿಗೆ ಕನಕಾಂಬರ ಹೂ ಬಿಟ್ಟವು. ಅವನಿಗೆ ಏನೂ ತಿಳಿಯದ ಮಡಿಯದು. ಆದರೂ ದಿನ ತಪ್ಪದೆ ಅದಕ್ಕೂ ನೀರು ಹಾಕುತ್ತಿದ್ದ. ಒಂದು ಸಂಜೆ ಹೆಂಡತಿ ಒಡ್ಡಿನ ಮೇಲೆ ಕುಳಿತು ದಂಡೆ ಕಟ್ಟುವಾಗ ಕೇಳಿದ, "ಎಂಥಾ ಬಣ್ಣ ಅದು?"

"ಹೊತ್ತು ಮುಳುಗೋ ಮುಂದ ಕ್ವಾಟಿ ಗ್ವಾಡಿ ಇರತೈತಲ್ಲ, ಹಂಗ."

ಅವನು ತಲೆಯಾಡಿಸಿದ. ಆ ಗೋಡೆ ಅವನು ಕಂಡದ್ದು. ಮರುದಿನದಿಂದ ಕೂಲಿಗೆ ಹೋಗುವ ಹೆಂಗಸರ ಗುಂಪಿನಲ್ಲಿ ಯಮನೂರಮ್ಮನ ತಲೆ ದೂರದಿಂದಲೇ ಕಾಣುತ್ತಿತ್ತು.

ಮುಂದಿನ ಬೇಸಿಗೆಯ ಕೊನೆಗೆ ಒಂದು ಅಮಾವಾಸ್ಯೆಯ ದಿನ. ಹೂ ಮುಗಿದು ಕನಕಾಂಬರದ ತೆನೆಗಳು ಗಿಡದಲ್ಲೇ ಒಣಗಿದ್ದವು. ಗ್ಯಾನಪ್ಪ ಕೊಡದಿಂದ ಆ ಮಡಿಗೆ ನೀರು ಹೊಯ್ದ, ಗಿಡದ ತಲೆಯ ಮೇಲೂ ಹೊಯ್ದ. ನಾನು ಕಿಟಕಿಯ ಬಳಿ ಅಕ್ಕಿ ಆರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಟಪ್ ಎಂಬ ಸದ್ದು. ಮತ್ತೊಂದು. ಆಮೇಲೆ ಚಟಪಟ ಒಂದರ ಹಿಂದೆ ಒಂದು. ಗ್ಯಾನಪ್ಪನ ಕೈಯಿಂದ ಕೊಡ ಬಿತ್ತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನೆಲಕ್ಕೆ ಬೋರಲು ಬಿದ್ದ.

ನಾನು ಓಡಿದೆ. ನನಗಿಂತ ಮುಂಚೆ ಯಮನೂರಮ್ಮ ಅಲ್ಲಿದ್ದಳು. ಅವನ ಮೈ ಗಡಗಡ ನಡುಗುತ್ತಿತ್ತು. ಅಷ್ಟು ವರ್ಷದಲ್ಲಿ ದೀಪಾವಳಿ ಬಂದರೆ ಒಳಗೆ ಹೋಗಿ ಕದ ಹಾಕಿಕೊಂಡು ಕಿವಿ ಮುಚ್ಚಿಕೊಂಡು ಕೂರುತ್ತಿದ್ದವನು ಅವನು.

ಅವಳು ಗಾಬರಿಯಾಗಿ ಸುತ್ತ ನೋಡಿದಳು. ಗಿಡದಲ್ಲಿ ಮತ್ತೊಂದು ಕಾಯಿ ಸಿಡಿದು ಬೀಜ ಅವಳ ಕೆನ್ನೆಗೆ ಬಡಿಯಿತು. ಆಗ ಅವಳಿಗೆ ತಿಳಿಯಿತು.

"ಮಾವ, ಏಳು. ಏನೂ ಇಲ್ಲ. ಕೈ ಕೊಡಿಲ್ಲಿ."

ಅವನ ಬೆರಳುಗಳನ್ನು ಒಂದೊಂದಾಗಿ ಮುಖದಿಂದ ಬಿಡಿಸಿ, ಅಂಗೈ ಬಿಚ್ಚಿ, ಅದರೊಳಗೆ ಒಂದು ಒಣಗಿದ ಕಾಯಿ ಇಟ್ಟಳು. ತನ್ನ ಬೆರಳು ನೀರಲ್ಲಿ ಅದ್ದಿ ಅದರ ಮೇಲೆ ಒಂದು ಹನಿ ಬಿಟ್ಟಳು.

"ತಡಿ. ಕೈ ಎಳಕೋಬ್ಯಾಡ."

ಮೂವರೂ ಕಾದೆವು. ಟಪ್ ಎಂದಿತು. ಬೀಜ ಅವನ ಅಂಗೈಗೆ ಹೊಡೆದು ಹಾರಿತು. ಅವನು ಬೆಚ್ಚಿದ. ಆದರೆ ಕೈ ಎಳೆದುಕೊಳ್ಳಲಿಲ್ಲ.

"ಬೀಜ ಏನು ಇದು?"

"ಹೂಂ. ನಿನ್ನ ಕೂಡ ಮಾತಾಡಾಕತ್ತಾವ."

"ಇನ್ನೊಂದು ಇಡು," ಎಂದ ಗ್ಯಾನಪ್ಪ.

ಅವಳು ಇಟ್ಟಳು. ಅದು ಸಿಡಿದ ಮೇಲೆ ಮತ್ತೊಂದು. ನಾಲ್ಕನೆಯದೋ ಐದನೆಯದೋ ಸಿಡಿದಾಗ ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಒದ್ದೆ ನೆಲದಲ್ಲಿ ಕೆಸರು ಮೆತ್ತಿಕೊಂಡು ಕುಳಿತು ಅವನು ನಗುವುದು, ಅವಳು ಸೆರಗಿನಿಂದ ಅವನ ಹಣೆ ಒರೆಸುವುದು ನೋಡಿ ನಾನು ಮೆಲ್ಲಗೆ ಮನೆಗೆ ಬಂದೆ.

ಆ ವರ್ಷ ಅವನು ತೆನೆಗೆ ಅರಿವೆಯ ಚೀಲ ಕಟ್ಟಿ ಬೀಜ ಹಿಡಿದ. ಸಸಿ ಎಬ್ಬಿಸಿ ಓಣಿಗೆಲ್ಲ ಹಂಚಿದ. ನನ್ನ ತರಗತಿಯ ಹುಡುಗಿಯರ ಜಡೆಯಲ್ಲಿ ಕನಕಾಂಬರ ಕಾಣತೊಡಗಿತು. ದೀಪಾವಳಿಗೆ ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ದಾವಲ್‌ಸಾಬನ ಪಕ್ಕ ಕುಳಿತಿದ್ದ. ಪಟಾಕಿ ಸಿಡಿದಾಗಲೆಲ್ಲ ಭುಜ ಹಾರುತ್ತಿತ್ತು. ಒಳಗೆ ಮಾತ್ರ ಹೋಗಲಿಲ್ಲ.

ನನಗೆ ಮುಂದೆ ಲಿಂಗಸುಗೂರಿಗೆ ವರ್ಗವಾಯಿತು. ತೊಂಬತ್ತಾರರಲ್ಲಿ ಅಲ್ಲೊಂದು ಸಣ್ಣ ಮನೆ ಕಟ್ಟಿಸಿದೆ. ಹಿಂದೆ ಒಂದಿಷ್ಟು ಖಾಲಿ ಜಾಗ ಉಳಿಯಿತು. ಹೇಳಿ ಕಳಿಸಿದ್ದಕ್ಕೆ ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಬಂದರು. ಅವನ ತಲೆ ಬೆಳ್ಳಗಾಗಿತ್ತು. ಬಂದವನು ಚಹಾ ಕೂಡ ಮುಟ್ಟದೆ ಚಪ್ಪಲಿ ಬಿಟ್ಟು ಹಿತ್ತಲಿಗೆ ಇಳಿದ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬರಿಗಾಲಲ್ಲಿ ನಡೆದ. ಹಿಡಿ ಮಣ್ಣೆತ್ತಿ ಹಿಚುಕಿದ, ಮೂಸಿದ. ಬೆನ್ನಿಗೆ ಬಿಸಿಲು ಬೀಳುವ ಕಡೆ ನಿಂತುಕೊಂಡು ಬಿಸಿಲಿನ ದಿಕ್ಕು ತಿಳಿದುಕೊಂಡ.

"ಗಚ್ಚಿನ ಪುಡಿ ಬಿದ್ದೈತಿ ಇಲ್ಲಿ. ಈ ವರ್ಷ ಇಲ್ಲಿ ಏನೂ ಬ್ಯಾಡ. ತಿಪ್ಪಿ ಗೊಬ್ಬರ ಹಾಕಿ ಬಿಡ್ರಿ. ಆ ಕಡೀ ನೆಲ ಛಲೋ ಐತಿ."

"ಹಾಗಾದರೆ ಆ ಕಡೆ ಏನು ಹಾಕಲಿ ಗ್ಯಾನಪ್ಪ?"

"ನೀವು ಏನು ತಿಂತೀರಿ ಅಕ್ಕೋರೆ? ಅದನ್ನ ಹೇಳ್ರಿ ಮೊದಲ."

ನಾನು ಹೇಳುತ್ತಾ ಹೋದೆ. ಅವನು ಕೇಳುತ್ತಾ ಕೈಯಿಂದಲೇ ಗಾಳಿಯಲ್ಲಿ ಮಡಿ ಅಳೆದ. ಪುಂಡಿ ಇಲ್ಲಿ, ಹೀರೆಯ ಹಂದರ ಅಲ್ಲಿ, ಮುಂಜಾನೆ ಶಾಲೆಗೆ ಹೋಗುವ ಅವಸರದಲ್ಲಿ ಕೈಗೆ ಸಿಗುವಂತೆ ಕೊತ್ತಂಬರಿ ಬಾಗಿಲ ಹತ್ತಿರ. ನಾನು ಹಾಗಲಕಾಯಿ ಎಂದಾಗ ಯಮನೂರಮ್ಮ ತಡೆದಳು. ಒಬ್ಬರೇ ಇರುವ ಮನೆಗೆ ಅಷ್ಟು ಹಾಗಲ ಏನು ಮಾಡುತ್ತೀರಿ ಎಂದಳು. ಹಂಚಿದರಾಯಿತು ಎಂದ ಅವನು. ಕಹಿಯನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದಳು ಅವಳು. ಮಾತು ಬೆಳೆಯಿತು. ನಾನು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಿ, ತಟ್ಟಿ, ಬೇಯಿಸಿ ಹೊರಗೆ ಬಂದರೂ ಹಾಗಲದ ತೀರ್ಮಾನವಾಗಿರಲಿಲ್ಲ. ಇಬ್ಬರೂ ನೆಲದ ಮೇಲೆ ಎದುರುಬದುರು ಕುಳಿತಿದ್ದರು. ಅವಳು ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದಳು. ಅವನು ಬೆರಳಿನಿಂದ ಆ ಗೆರೆ ಹಿಡಿದು ಹೋಗಿ, ಇನ್ನೊಂದಿಷ್ಟು ಈ ಕಡೆ ಸರಿಸು ಎನ್ನುತ್ತಿದ್ದ.